ಆಟಿಸಂ ಇರುವ ಮಕ್ಕಳ ಜೊತೆ ಕೆಲಸ: ವರ್ತನಾ ವಿಶ್ಲೇಷಕರ ವೃತ್ತಿಯನ್ನು ಆರಿಸಿಕೊಳ್ಳುವ ಮೊದಲು

ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಕೇಳುವುದು ಎರಡು ಪ್ರಶ್ನೆಗಳನ್ನು: ಯಾವ ಪ್ರಮಾಣಪತ್ರ ಪಡೆಯಬೇಕು, ಅದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ. ಎರಡಕ್ಕೂ ಖಚಿತವಾದ ಉತ್ತರಗಳಿವೆ, ಮುಂದೆ ಅವು ಬರುತ್ತವೆ. ಆದರೆ ಈ ಕೆಲಸಕ್ಕೆ ಬಂದು ನೆಲೆನಿಂತವರನ್ನೂ ನಡುವೆಯೇ ಬಿಟ್ಟುಹೋದವರನ್ನೂ ಹತ್ತಿರದಿಂದ ಕಂಡಿರುವ ನನ್ನ ಅಭಿಪ್ರಾಯದಲ್ಲಿ, ಒಬ್ಬ ವರ್ತನಾ ವಿಶ್ಲೇಷಕರು, ಎಂದರೆ ಮಗುವಿನ ವರ್ತನೆಯ ಕಾರಣವನ್ನು ಹುಡುಕಿ ಅದಕ್ಕೆ ತಕ್ಕಂತೆ ಕಲಿಸುವ ಯೋಜನೆಯನ್ನು ಬರೆಯುವವರು, ಮುಂದೆ ಎಂಥವರಾಗುತ್ತಾರೆ ಎಂಬುದನ್ನು ಅವರ ಹೆಸರಿನ ಪಕ್ಕದ ಅಕ್ಷರಗಳಿಗಿಂತ, ಮೊದಲ ಎರಡು ವರ್ಷ ಅವರು ಯಾರ ಕೈಕೆಳಗೆ, ಎಂಥ ಕೋಣೆಯಲ್ಲಿ ಕೆಲಸ ಕಲಿತರು ಎಂಬುದೇ ಹೆಚ್ಚಾಗಿ ನಿರ್ಧರಿಸುತ್ತದೆ. ಪದವಿ, ಪದ್ಧತಿ, ಕೆಲಸದ ಜಾಗ ಇವೆಲ್ಲವನ್ನೂ ಇಲ್ಲಿ ಹೋಲಿಸಿದ್ದೇನಾದರೂ ಪ್ರತಿಯೊಂದನ್ನೂ ತೂಗಿರುವುದು ಆ ಒಂದೇ ತಕ್ಕಡಿಯಲ್ಲಿ.

ಕೆಲಸದ ಒಳಗೆ ಒಂದು ನೋಟ

ಆಯ್ಕೆಗಳನ್ನು ಹೋಲಿಸುವ ಮುನ್ನ ಕೆಲಸ ಹೇಗಿರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿದುಕೊಳ್ಳುವುದು ಒಳ್ಳೆಯದು. ನಾಲ್ಕು ವರ್ಷದ ಹುಡುಗನೊಬ್ಬನಿದ್ದಾನೆ ಎಂದುಕೊಳ್ಳಿ. ಇನ್ನೂ ಮಾತು ಬಂದಿಲ್ಲ. ಎದುರಿಗೆ ಮರದ ಆಕಾರಗಳನ್ನು ಕೂರಿಸುವ ಹಲಗೆಯನ್ನು ಇಟ್ಟೊಡನೆ ಅವನು ಹಣೆಯನ್ನು ಮೇಜಿಗೆ ಬಡಿದುಕೊಳ್ಳುತ್ತಾನೆ. ಗಾಬರಿಯಾದ ಶಿಕ್ಷಕಿ ಹಲಗೆಯನ್ನು ಸರಿಸಿಬಿಡುತ್ತಾರೆ, ಹುಡುಗ ಸುಮ್ಮನಾಗುತ್ತಾನೆ. ನೋಡಿದವರಿಗೆ ಇದು ಹಟವಾಗಿಯೋ ವೇದನೆಯಾಗಿಯೋ ಕಾಣಬಹುದು. ವರ್ತನಾ ವಿಶ್ಲೇಷಕರು ಹೆಸರಿಡುವ ಮೊದಲು ಬರೆದುಕೊಳ್ಳಲು ಕೂರುತ್ತಾರೆ: ಬಡಿದುಕೊಳ್ಳುವುದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಸುತ್ತಲಿದ್ದವರು ಏನು ಮಾಡಿದರು. ಕೆಲವು ದಿನಗಳ ಬರಹವನ್ನು ಜೋಡಿಸಿದಾಗ, ಹೆಚ್ಚಿನ ಸಲ ಬಡಿತದ ಹಿಂದೆಯೇ ಕೆಲಸ ನಿಂತುಹೋಗಿದೆ ಎಂಬುದು ಕಾಣಿಸುತ್ತದೆ. ಹಾಗಾದರೆ ಆ ಬಡಿತ ಮಗುವಿನ ಮಟ್ಟಿಗೆ ಒಂದು ವಾಕ್ಯ, ಅದರ ಅರ್ಥ ‘ಸಾಕು’ ಎಂದು.

ಅಲ್ಲಿಂದ ಮುಂದಿನದು ನಿಧಾನದ ಕೆಲಸ. ‘ಸಾಕು’ ಎಂಬುದನ್ನು ಸೂಚಿಸುವ ಒಂದು ಚಿತ್ರದ ಕಾರ್ಡನ್ನು ಮೇಜಿನ ಮೇಲಿಟ್ಟು, ಹಣೆ ಬಗ್ಗುವ ಮೊದಲೇ ಮಗುವಿನ ಕೈಯನ್ನು ಮೃದುವಾಗಿ ಕಾರ್ಡಿನ ಕಡೆಗೆ ನಡೆಸಿ, ಕಾರ್ಡು ಕೈಸೇರಿದ ಕ್ಷಣವೇ ಹಲಗೆಯನ್ನು ತೆಗೆಯಬೇಕು. ಮೊದಲ ದಿನಗಳಲ್ಲಿ ಎಷ್ಟು ಸಲ ಕಾರ್ಡು ಬಂದರೂ ಅಷ್ಟೂ ಸಲ ಅದನ್ನು ಮನ್ನಿಸಲೇಬೇಕು. ಮಗುವಿಗೆ ಕಾರ್ಡಿನ ಮೇಲೆ ನಂಬಿಕೆ ಬಂದ ಮೇಲೆ, ಒಂದು ತುಂಡು ಕೂರಿಸಿ ಆಮೇಲೆ ‘ಸಾಕು’, ನಂತರ ಎರಡು ತುಂಡು, ಹೀಗೆ ಕೆಲಸವನ್ನು ಹೆಚ್ಚಿಸುತ್ತ ಹೋಗಬಹುದು. ಹಣೆ ಬಡಿತ ಎಷ್ಟು ಬಾರಿ, ಕಾರ್ಡು ಎಷ್ಟು ಬಾರಿ ಎಂಬುದು ಪ್ರತಿದಿನ ಗ್ರಾಫಿನ ಮೇಲೆ ಬೀಳುತ್ತದೆ. ಗೆರೆ ಇಳಿಯದಿದ್ದರೆ ದೋಷವನ್ನು ಯೋಜನೆಯಲ್ಲಿ ಹುಡುಕುತ್ತಾರೆಯೇ ಹೊರತು ಮಗುವಿನಲ್ಲಿ ಅಲ್ಲ. ಈ ಕ್ರಮವನ್ನು ಕಾರ್ ಮತ್ತು ಡ್ಯುರಾಂಡ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದರು. ಅದಕ್ಕೆ ಮೂರು ವರ್ಷ ಮುಂಚೆ, 1982ರಲ್ಲಿ, ಇವಾಟಾ ಮತ್ತು ಸಂಗಡಿಗರು ತನಗೆ ತಾನೇ ಗಾಯ ಮಾಡಿಕೊಳ್ಳುವ ವರ್ತನೆಯ ಕಾರಣವನ್ನು ಗಮನ, ಕೆಲಸದ ಒತ್ತಾಯ, ಏಕಾಂತ, ಆಟ ಎಂಬ ಬೇರೆ ಬೇರೆ ಸನ್ನಿವೇಶಗಳಲ್ಲಿ ಪರೀಕ್ಷಿಸಿ ಕಂಡುಹಿಡಿಯುವ ವಿಧಾನವನ್ನು ತೋರಿಸಿದ್ದರು. ಅದಕ್ಕೂ ಮೊದಲು ಇಂಥ ಮಕ್ಕಳ ವಿಷಯದಲ್ಲಿ ‘ಏಕೆ’ ಎಂಬ ಪ್ರಶ್ನೆಯನ್ನು ಕೇಳದೆ ವರ್ತನೆಯನ್ನು ಅದುಮುವ ಪ್ರಯತ್ನಗಳೇ ಹೆಚ್ಚಾಗಿ ನಡೆದಿದ್ದವು.

ಹೀಗೆ ಎಣಿಸುವುದು, ಬರೆಯುವುದು, ಕಾಯುವುದು ನಿಮಗೆ ಬೇಸರ ತರಿಸುವ ಕೆಲಸವೆನಿಸಿದರೆ ಪಕ್ಕದ ವೃತ್ತಿಗಳಲ್ಲಿ ಯಾವುದಾದರೂ ನಿಮಗೆ ಹೆಚ್ಚು ಒಗ್ಗಬಹುದು.

ಪಕ್ಕದ ವೃತ್ತಿಗಳ ಜೊತೆ ಹೋಲಿಸಿದಾಗ

ಅತ್ಯಂತ ಹತ್ತಿರದ ಪರ್ಯಾಯವೆಂದರೆ ಸ್ಪೀಚ್ ಥೆರಪಿಸ್ಟ್, ಅಂದರೆ ವಾಕ್-ಭಾಷಾ ತಜ್ಞರ ವೃತ್ತಿ. ಇಬ್ಬರೂ ಮಾತು ಬಾರದ ಮಗುವಿನ ಸಂವಹನಕ್ಕಾಗಿಯೇ ದುಡಿಯುತ್ತಾರೆ, ಆದರೆ ಭಾಷೆಯನ್ನು ನೋಡುವ ಕಣ್ಣು ಬೇರೆ. ವಾಕ್ ತಜ್ಞರು ಧ್ವನಿ, ಪದ, ವಾಕ್ಯರಚನೆ, ಅರ್ಥಗ್ರಹಣ, ಬಾಯಿ ಮತ್ತು ನಾಲಿಗೆಯ ಚಲನೆ ಇವುಗಳ ಬೆಳವಣಿಗೆಯ ಕ್ರಮವನ್ನು ಓದಿಕೊಂಡಿರುತ್ತಾರೆ. ನುಂಗುವ ತೊಂದರೆಯೂ ಅವರ ವ್ಯಾಪ್ತಿಗೇ ಬರುತ್ತದೆ. ವರ್ತನಾ ವಿಶ್ಲೇಷಕರು 1957ರಲ್ಲಿ ಬಿ. ಎಫ್. ಸ್ಕಿನ್ನರ್ ಮಾಡಿದ ವಿಂಗಡಣೆಯನ್ನು ಅನುಸರಿಸಿ, ಒಂದೇ ಪದ ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂದು ಕೇಳುತ್ತಾರೆ. ಲೋಟದ ಚಿತ್ರವನ್ನು ತೋರಿಸಿದರೆ ‘ನೀರು’ ಎನ್ನುವ ಮಗು, ಬಾಯಾರಿದಾಗ ‘ನೀರು’ ಎಂದು ಕೇಳದೆ ಅಳುತ್ತ ನಿಲ್ಲುವುದು ಆಟಿಸಂನಲ್ಲಿ ಅಪರೂಪವಲ್ಲ. ಪದಪಟ್ಟಿಯಲ್ಲಿ ಆ ಮಗುವಿಗೆ ‘ನೀರು’ ಬರುತ್ತದೆ ಎಂದು ಗುರುತು ಹಾಕಿರುತ್ತದೆ. ಆದರೆ ಹೆಸರಿಸುವುದು ಬೇರೆ, ಬೇಡುವುದು ಬೇರೆ, ಎರಡನ್ನೂ ಬೇರೆಬೇರೆಯಾಗಿಯೇ ಕಲಿಸಬೇಕಾಗಬಹುದು ಎಂಬುದು ವರ್ತನಾ ವಿಶ್ಲೇಷಣೆಯ ಒಂದು ಉಪಯುಕ್ತ ಒಳನೋಟ. ಚಿತ್ರಗಳನ್ನು ಕೊಟ್ಟು ವಸ್ತುವನ್ನು ಪಡೆಯುವ ಪೆಕ್ಸ್ ಪದ್ಧತಿಯನ್ನು 1985ರಲ್ಲಿ ರೂಪಿಸಿದ ಆ್ಯಂಡಿ ಬಾಂಡಿ ವರ್ತನಾ ವಿಶ್ಲೇಷಣೆಯ ಹಿನ್ನೆಲೆಯವರಾದರೆ, ಅವರ ಜೊತೆಗಾರ್ತಿ ಲೋರಿ ಫ್ರಾಸ್ಟ್ ವಾಕ್ ತಜ್ಞೆ. ಇಬ್ಬರು ಸೇರಿದಾಗ ಏನಾಗಬಹುದು ಎಂಬುದಕ್ಕೆ ಅದೊಂದು ನಿದರ್ಶನ. ನಿಮಗೆ ಭಾಷೆಯೇ ಮುಖ್ಯ ಕುತೂಹಲವಾಗಿದ್ದು, ಆಟಿಸಂ ಅಲ್ಲದ ಮಕ್ಕಳನ್ನೂ ವಯಸ್ಕರನ್ನೂ ನೋಡುವ ಇಚ್ಛೆಯಿದ್ದರೆ ವಾಕ್ ತಜ್ಞರ ದಾರಿ ಹೆಚ್ಚು ವಿಶಾಲವಾದದ್ದು.

ಆಕ್ಯುಪೇಷನಲ್ ಥೆರಪಿಯ ವಿಷಯದಲ್ಲಿ ನಮ್ಮ ವೃತ್ತಿಯವರು ಒಂದಷ್ಟು ವಿನಯ ಕಲಿಯಬೇಕಾಗಿದೆ ಎಂದು ನಾನು ಭಾವಿಸುತ್ತೇನೆ. ಗದ್ದಲದ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಓಡುವ ಮಗುವನ್ನು ಕಂಡಾಗ ‘ಕೆಲಸದಿಂದ ತಪ್ಪಿಸಿಕೊಳ್ಳುತ್ತಿದೆ’ ಎಂದು ವಿಶ್ಲೇಷಕರ ಹಾಳೆ ಹೇಳಬಹುದು. ಆ ಸದ್ದು ಮಗುವಿಗೆ ನಿಜಕ್ಕೂ ನೋವಾಗಿರಬಹುದು ಎಂಬುದನ್ನು ಮೊದಲು ನೆನಪಿಸುವವರು ಆಕ್ಯುಪೇಷನಲ್ ಥೆರಪಿಸ್ಟ್. ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾದ ಅಥವಾ ತೀರಾ ಕಡಿಮೆಯಾದ ಪ್ರತಿಕ್ರಿಯೆಯನ್ನು ರೋಗನಿರ್ಣಯಕ್ಕೆ ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದ ಮೇಲೆ ಇದನ್ನು ಕಡೆಗಣಿಸುವಂತಿಲ್ಲ. ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು, ಹಲ್ಲುಜ್ಜುವುದು ಮುಂತಾದ ದಿನನಿತ್ಯದ ಕೌಶಲಗಳ ಕಡೆಗೆ ನಿಮ್ಮ ಒಲವಿದ್ದರೆ, ದೇಹದ ರಚನೆ ಮತ್ತು ಚಲನೆಯ ಓದು ಇಷ್ಟವಾದರೆ ಆ ವೃತ್ತಿಯನ್ನು ಗಂಭೀರವಾಗಿ ಪರಿಗಣಿಸಬೇಕು.

ವಿಶೇಷ ಶಿಕ್ಷಕರು ಒಂದು ತರಗತಿಯ ಹಲವು ಮಕ್ಕಳನ್ನು ಪಠ್ಯಕ್ರಮದ ಚೌಕಟ್ಟಿನಲ್ಲಿ ಮುನ್ನಡೆಸುತ್ತಾರೆ. ಒಂದು ಮಗುವಿನ ಒಂದು ವರ್ತನೆಯ ಮೇಲೆ ವಾರಗಟ್ಟಲೆ ಕೂರುವ ಅವಕಾಶ ಅವರಿಗೆ ಸಿಗುವುದು ಕಡಿಮೆ, ಆದರೆ ಮಗು ವರ್ಷವಿಡೀ ಬೆಳೆಯುವುದನ್ನು ನೋಡುವ ಭಾಗ್ಯ ಅವರದು. ಕ್ಲಿನಿಕಲ್ ಮನಃಶಾಸ್ತ್ರಜ್ಞರ ಮುಖ್ಯ ಕೆಲಸ ಮೌಲ್ಯಮಾಪನ ಮತ್ತು ರೋಗನಿರ್ಣಯ. ವರ್ತನಾ ವಿಶ್ಲೇಷಕರು ಆಟಿಸಂ ಇದೆ ಅಥವಾ ಇಲ್ಲ ಎಂದು ನಿರ್ಣಯಿಸುವವರಲ್ಲ; ಆ ಅಧಿಕಾರ ಬೇಕೆನಿಸಿದರೆ ದಾರಿಯನ್ನು ಈಗಲೇ ಬದಲಿಸುವುದು ಲೇಸು.

ಕೆಳಗಿನ ಮೆಟ್ಟಿಲಿನಿಂದಲೋ, ನೇರ ಸ್ನಾತಕೋತ್ತರಕ್ಕೋ

ಈ ವೃತ್ತಿಯ ಹೆಚ್ಚು ಪರಿಚಿತವಾದ ಮೆಟ್ಟಿಲುಗಳನ್ನು ಕಟ್ಟಿದ್ದು ಅಮೆರಿಕದಲ್ಲಿ 1998ರಲ್ಲಿ ಹುಟ್ಟಿದ ಬಿಎಸಿಬಿ ಎಂಬ ಪ್ರಮಾಣೀಕರಣ ಮಂಡಳಿ. ಅದರ ಅತ್ಯಂತ ಕೆಳಗಿನ ಮೆಟ್ಟಿಲು 2014ರಲ್ಲಿ ಆರಂಭವಾದ ಆರ್‌ಬಿಟಿ, ಅಂದರೆ ನೋಂದಾಯಿತ ವರ್ತನಾ ತಂತ್ರಜ್ಞರ ದರ್ಜೆ. ಹದಿನೆಂಟು ತುಂಬಿರಬೇಕು, ಪ್ರೌಢಶಿಕ್ಷಣ ಮುಗಿದಿರಬೇಕು, 40 ಗಂಟೆಗಳ ತರಬೇತಿ, ಕೌಶಲದ ಪ್ರಾಯೋಗಿಕ ಪರೀಕ್ಷೆ ಮತ್ತು ಬರಹದ ಪರೀಕ್ಷೆ ಆಗಬೇಕು. ತಂತ್ರಜ್ಞರು ಯೋಜನೆಯನ್ನು ಬರೆಯುವವರಲ್ಲ, ವಿಶ್ಲೇಷಕರು ಬರೆದದ್ದನ್ನು ಮಗುವಿನ ಜೊತೆ ಕೂತು ನಡೆಸುವವರು. ನಡುವಿನ ಮೆಟ್ಟಿಲಾದ ಬಿಸಿಎಬಿಎಗೆ ಪದವಿ ಬೇಕು. ಬಿಸಿಬಿಎ ಎಂಬ ವಿಶ್ಲೇಷಕರ ದರ್ಜೆಗೆ ಸ್ನಾತಕೋತ್ತರ ಪದವಿ, ನಿಗದಿತ ಪಠ್ಯವಿಷಯಗಳು, ಮೇಲ್ವಿಚಾರಣೆಯಲ್ಲಿ ನಡೆದ ಕ್ಷೇತ್ರಕಾರ್ಯ ಮತ್ತು 185 ಪ್ರಶ್ನೆಗಳ ನಾಲ್ಕು ಗಂಟೆಯ ಪರೀಕ್ಷೆ ಬೇಕು. ಪ್ರಮಾಣಪತ್ರ ಕೈಸೇರಿದ ಮೇಲೂ ಎರಡು ವರ್ಷಕ್ಕೊಮ್ಮೆ 32 ಗಂಟೆಗಳಷ್ಟು ಮುಂದುವರಿದ ಕಲಿಕೆಯನ್ನು ತೋರಿಸಬೇಕಾಗುತ್ತದೆ.

ಓದಿನಲ್ಲಿ ಚುರುಕಾಗಿರುವವರಿಗೆ ತಂತ್ರಜ್ಞರ ಮೆಟ್ಟಿಲನ್ನು ಹಾರಿ ನೇರವಾಗಿ ಸ್ನಾತಕೋತ್ತರಕ್ಕೆ ಹೋಗುವ ಆಸೆ ಸಹಜ. ಹಾಗೆ ಹೋಗಬಾರದೆಂಬ ನಿಯಮವೂ ಇಲ್ಲ. ಆದರೂ ನನ್ನ ಸಲಹೆ ಖಚಿತವಾಗಿದೆ: ಕನಿಷ್ಠ ಆರು ತಿಂಗಳಾದರೂ ತಂತ್ರಜ್ಞರಾಗಿ ನೆಲದ ಮೇಲೆ ಕೂತು ಕೆಲಸ ಮಾಡಿ, ಆಮೇಲೆ ಸ್ನಾತಕೋತ್ತರದ ಶುಲ್ಕ ಕಟ್ಟಿ. ಕೈ ಕಚ್ಚಿಸಿಕೊಂಡು, ಕೂದಲು ಎಳೆಸಿಕೊಂಡು, ಅದೇ ಆಟಿಕೆಯನ್ನು ನಲವತ್ತನೇ ಸಲ ಅದೇ ಉತ್ಸಾಹದಿಂದ ಎತ್ತಿಕೊಡುವುದು ತಮ್ಮಿಂದ ಆಗುತ್ತದೆಯೇ ಎಂಬುದನ್ನು ಯಾರೂ ಪುಸ್ತಕ ಓದಿ ಹೇಳಲಾರರು. ಇನ್ನೊಂದು ಕಾರಣವೂ ಇದೆ. ತಂತ್ರಜ್ಞರಾಗಿ ದುಡಿಯದೆ ವಿಶ್ಲೇಷಕರಾದವರು ಬರೆದ ಯೋಜನೆಗಳನ್ನು ನಾನು ನೋಡಿದ್ದೇನೆ. ಒಂದು ಕೈಯಲ್ಲಿ ಮಗುವನ್ನು ಬೀಳದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಐದು ಬಗೆಯ ಎಣಿಕೆಯನ್ನು ಗುರುತು ಹಾಕಬೇಕೆಂದು ಅವು ನಿರೀಕ್ಷಿಸುತ್ತವೆ. ಆ ಹಾಳೆಗಳನ್ನು ಸಂಜೆ ನೆನಪಿನಿಂದ ತುಂಬಿಸಲಾಗುತ್ತದೆ, ಅಂದರೆ ಗ್ರಾಫಿನಲ್ಲಿ ಏರುವ ಗೆರೆ ಊಹೆಯ ಗೆರೆಯಾಗಿರುತ್ತದೆ.

ಈ ದಾರಿಯ ದೋಷವನ್ನೂ ಹೇಳಬೇಕು. ತಂತ್ರಜ್ಞರ ಕೆಲಸದಲ್ಲಿ ದಣಿವು ಹೆಚ್ಚು, ಆದಾಯ ಕಡಿಮೆ, ಮಗು ಬಾರದ ದಿನ ಗಂಟೆಗಳೂ ಇಲ್ಲದಾಗುವ ಜಾಗಗಳಿವೆ. ತಿಂಗಳಲ್ಲಿ ಮಾಡಿದ ಕೆಲಸದ ಕನಿಷ್ಠ ಶೇಕಡ 5ರಷ್ಟು ಹೊತ್ತು ಮೇಲ್ವಿಚಾರಣೆ ಸಿಗಬೇಕೆಂಬುದು ನಿಯಮ; ನೂರು ಗಂಟೆ ದುಡಿದವರಿಗೆ ಅದು ಬರೀ ಐದು ಗಂಟೆ. ನಿಮ್ಮನ್ನು ನೀವು ಪರೀಕ್ಷಿಸಿಕೊಳ್ಳಲು ಆರು ತಿಂಗಳು ಸಾಕು, ಆರು ವರ್ಷ ಅಲ್ಲೇ ಉಳಿಯುವುದು ಬೇರೆ ಮಾತು.

ಯಾವ ಮಂಡಳಿಯ ಪ್ರಮಾಣಪತ್ರ

ಬಿಎಸಿಬಿಯ ಹೆಸರಿಗೆ ಅತಿ ಹೆಚ್ಚಿನ ಮನ್ನಣೆಯಿದೆ, ಆದರೆ 2023ರ ಆರಂಭದಿಂದ ಅದು ಬೆರಳೆಣಿಕೆಯ ದೇಶಗಳ ನಿವಾಸಿಗಳನ್ನು ಬಿಟ್ಟು ಉಳಿದವರಿಂದ ಹೊಸ ಅರ್ಜಿಗಳನ್ನು ಸ್ವೀಕರಿಸುತ್ತಿಲ್ಲ. ಹಳೆಯ ಮಾಹಿತಿಯನ್ನು ನಂಬಿ, ಅದೇ ಮಂಡಳಿಗೆ ಹೊಂದುವ ಪಠ್ಯಕ್ರಮಕ್ಕೆ ಸೇರಿ, ಕೊನೆಗೆ ಪರೀಕ್ಷೆಗೆ ಕೂರಲಾಗದವರಿದ್ದಾರೆ. ಹೊರಗಿನವರಿಗೆ ಉಳಿದಿರುವ ಮುಖ್ಯ ಆಯ್ಕೆಗಳು ಎರಡು. ಕ್ಯೂಎಬಿಎ ಎಂಬ ಮಂಡಳಿ ತಂತ್ರಜ್ಞ, ನಡುವಿನ ದರ್ಜೆ, ವಿಶ್ಲೇಷಕ ಎಂಬ ಮೂರು ಮೆಟ್ಟಿಲುಗಳನ್ನು ಇಟ್ಟುಕೊಂಡಿದೆ ಮತ್ತು ಆಟಿಸಂಗೆ ಹೆಚ್ಚು ಒತ್ತು ಕೊಡುತ್ತದೆ. ಐಬಿಎಒ ಎಂಬ ಅಂತರರಾಷ್ಟ್ರೀಯ ಸಂಸ್ಥೆ ವಿಶ್ಲೇಷಕರಿಗೆ ಐಬಿಎ, ತಂತ್ರಜ್ಞರಿಗೆ ಐಬಿಟಿ ಎಂಬ ದರ್ಜೆಗಳನ್ನು ನೀಡುತ್ತದೆ. ಮುಂದೆ ಎಲ್ಲಿ ನೆಲೆಸುವ ಉದ್ದೇಶವಿದೆಯೋ ಅಲ್ಲಿನ ಕಾನೂನು ಯಾವ ಪತ್ರವನ್ನು ಕೇಳುತ್ತದೆ ಎಂಬುದನ್ನು ಸೇರುವ ಮೊದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಪ್ರಮಾಣಪತ್ರದ ಮೇಲೆ ಪ್ರತ್ಯೇಕ ಪರವಾನಗಿಯೂ ಬೇಕಾಗುತ್ತದೆ. ಇದಕ್ಕಿಂತ ಹೆಚ್ಚು ಹೊತ್ತು ಈ ಪ್ರಶ್ನೆಯ ಮೇಲೆ ಕಳೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಮೇಜಿನ ಪಾಠವೋ, ಆಟದ ನಡುವಿನ ಪಾಠವೋ

ಎಲ್ಲಿ ಕಲಿಯುತ್ತೀರೋ ಅಲ್ಲಿನ ಪದ್ಧತಿಯೇ ನಿಮ್ಮ ಕೈಗೆ ಅಂಟಿಕೊಳ್ಳುವುದರಿಂದ, ಈ ಆಯ್ಕೆಯನ್ನು ಪ್ರಮಾಣಪತ್ರದ ಆಯ್ಕೆಗಿಂತ ನಾನು ದೊಡ್ಡದೆಂದು ಎಣಿಸುತ್ತೇನೆ. ಒಂದು ಕಡೆ ಡಿಟಿಟಿ ಎಂದು ಕರೆಯುವ ಬಿಡಿಬಿಡಿ ಪ್ರಯತ್ನಗಳ ಪಾಠವಿದೆ: ಸೂಚನೆ, ಬೇಕಿದ್ದರೆ ಒಂದು ಸುಳಿವು, ಮಗುವಿನ ಉತ್ತರ, ಅದಕ್ಕೆ ಪುನರ್ಬಲನ (ಉತ್ತರವನ್ನು ಗಟ್ಟಿಗೊಳಿಸುವ ಮೆಚ್ಚುಗೆ ಅಥವಾ ಬಹುಮಾನ), ಕ್ಷಣದ ಬಿಡುವು, ಮತ್ತೆ ಸೂಚನೆ. ಇದರ ಖ್ಯಾತಿ 1987ರಲ್ಲಿ ಐವರ್ ಲೊವಾಸ್ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು. ವಾರಕ್ಕೆ 40 ಗಂಟೆಗಳ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ತರಗತಿಯಲ್ಲಿ ಮೊದಲ ವರ್ಷವನ್ನು ಮುಗಿಸಿದರು, ಅವರ ಬುದ್ಧಿಮತ್ತೆಯ ಅಂಕಗಳೂ ಸಾಮಾನ್ಯ ಮಟ್ಟದಲ್ಲಿದ್ದವು ಎಂದು ಅದು ಹೇಳಿತು. ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿರಲಿಲ್ಲ, ಗದರುವುದು ಮತ್ತು ತೊಡೆಗೆ ಹೊಡೆಯುವುದು ಆ ವಿಧಾನದ ಭಾಗವಾಗಿದ್ದವು ಎಂಬ ಎರಡು ಸಂಗತಿಗಳನ್ನು, ಆ ಸಂಖ್ಯೆಯನ್ನು ಉತ್ಸಾಹದಿಂದ ಹೇಳುವವರು ಹೇಳುವುದಿಲ್ಲ.

ಇನ್ನೊಂದು ಕಡೆ ಸಹಜ ಸನ್ನಿವೇಶದ ಪದ್ಧತಿಗಳಿವೆ. ರಾಬರ್ಟ್ ಮತ್ತು ಲಿನ್ ಕೀಗಲ್ ರೂಪಿಸಿದ ಪಿಆರ್‌ಟಿ, ಸ್ಯಾಲಿ ರೋಜರ್ಸ್ ಮತ್ತು ಜೆರಾಲ್ಡಿನ್ ಡಾಸನ್ ರೂಪಿಸಿದ ಅರ್ಲಿ ಸ್ಟಾರ್ಟ್ ಡೆನ್ವರ್ ಮಾದರಿ ಇವುಗಳಲ್ಲಿ ಮುಖ್ಯವಾದವು. ಇಲ್ಲಿ ಮಗು ಚೆಂಡಿನ ಕಡೆಗೆ ಕೈಚಾಚಿದರೆ ಚೆಂಡೇ ಪಾಠ. ‘ಚೆಂಡು’ ಎಂಬ ಪ್ರಯತ್ನಕ್ಕೆ ಸಿಗುವ ಬಹುಮಾನವೂ ಚೆಂಡೇ. ಡೆನ್ವರ್ ಮಾದರಿಯನ್ನು 18ರಿಂದ 30 ತಿಂಗಳ ವಯಸ್ಸಿನ 48 ಮಕ್ಕಳ ಮೇಲೆ, ಯಾದೃಚ್ಛಿಕವಾಗಿ ಹಂಚಿದ ಗುಂಪುಗಳಲ್ಲಿ, ಎರಡು ವರ್ಷ ಪರೀಕ್ಷಿಸಿದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಬುದ್ಧಿಮತ್ತೆಯ ಅಂಕಗಳಲ್ಲಿ ಆ ಮಕ್ಕಳ ಏರಿಕೆ ಸರಾಸರಿ 17.6, ಬೇರೆ ಸೇವೆಗಳನ್ನು ಪಡೆದ ಗುಂಪಿನದು 7.

ಪುರಾವೆಯ ಬಲವನ್ನು ಹೋಲಿಸುವವರು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ 2018ರ ಕಾಕ್ರೇನ್ ವಿಮರ್ಶೆಯನ್ನೂ ನೋಡಬೇಕು. ತೀವ್ರ ಸ್ವರೂಪದ ಆರಂಭಿಕ ವರ್ತನಾ ತರಬೇತಿಯ ಬಗ್ಗೆ ಅದು ಒಪ್ಪಿಕೊಂಡದ್ದು ಕೇವಲ ಐದು ಅಧ್ಯಯನಗಳನ್ನು, ಒಟ್ಟು 219 ಮಕ್ಕಳನ್ನು. ಪುರಾವೆ ದುರ್ಬಲ ಎಂಬುದು ಅದರ ಮಾತು. ದುರ್ಬಲ ಪುರಾವೆ ಎಂದರೆ ಪದ್ಧತಿ ನಿಷ್ಪ್ರಯೋಜಕ ಎಂದಲ್ಲ, ಆದರೆ ಹೆತ್ತವರಿಗೆ ಭರವಸೆ ಕೊಡುವಾಗ ನಾಲಿಗೆಯನ್ನು ಬಿಗಿಹಿಡಿಯಬೇಕು ಎಂದಂತೂ ಹೌದು. 2020ರಲ್ಲಿ ಬಂದ ಇನ್ನೊಂದು ವಿಸ್ತೃತ ವಿಶ್ಲೇಷಣೆ ಸಹಜ ಸನ್ನಿವೇಶದ ಪದ್ಧತಿಗಳಿಗೆ ಹೆಚ್ಚು ಆಶಾದಾಯಕ ಪುರಾವೆ ಇದೆ ಎಂದು ಕಂಡಿತು. ಎರಡರಲ್ಲೊಂದನ್ನು ಆರಿಸಬೇಕಾದರೆ, ಸಹಜ ಪದ್ಧತಿಯನ್ನು ಮುಖ್ಯವಾಗಿಟ್ಟುಕೊಂಡು, ಬಣ್ಣಗಳನ್ನು ಬೇರ್ಪಡಿಸುವಂಥ ನಿರ್ದಿಷ್ಟ ಕೌಶಲಕ್ಕೆ ಮಾತ್ರ ಮೇಜಿನ ಪಾಠವನ್ನು ಬಳಸುವ ಜಾಗವನ್ನು ನಾನು ಆರಿಸುತ್ತೇನೆ. ಮೇಜಿನಿಂದ ಏಳದ ಜಾಗದಲ್ಲಿ ಕಲಿತವರಿಗೆ ಗ್ರಾಫು ಚೆನ್ನಾಗಿ ಬರುತ್ತದೆ, ಮಗುವಿನ ಜೊತೆ ಆಡಲು ಬರುವುದಿಲ್ಲ.

ಆಟಿಸಂ ಇರುವ ವಯಸ್ಕರು, ಅವರಲ್ಲಿ ಹಲವರು ಬಾಲ್ಯದಲ್ಲಿ ಈ ತರಬೇತಿಯನ್ನು ಪಡೆದವರು, ಎತ್ತಿರುವ ಆಕ್ಷೇಪಗಳನ್ನು ಇಲ್ಲಿಯೇ ಹೇಳಬೇಕು. ಕೈ ಕೊಡವುವುದು, ತೂಗಾಡುವುದು ಮುಂತಾದ ಯಾರಿಗೂ ಕೇಡು ಮಾಡದ ಚಲನೆಗಳನ್ನು ಅಳಿಸಲು ಹೊರಟದ್ದು, ಬಲವಂತದಿಂದ ಕಣ್ಣಲ್ಲಿ ಕಣ್ಣಿಡಿಸಿದ್ದು, ತಮ್ಮತನವನ್ನು ಮುಚ್ಚಿಟ್ಟು ಬದುಕುವ ದಣಿವನ್ನು ಕಲಿಸಿದ್ದು ಅವರ ದೂರುಗಳು. ವಿದ್ಯುತ್ ಆಘಾತವನ್ನು ಶಿಕ್ಷೆಯಾಗಿ ಬಳಸುವುದರ ವಿರುದ್ಧ ವರ್ತನಾ ವಿಶ್ಲೇಷಕರ ಅಂತರರಾಷ್ಟ್ರೀಯ ಸಂಘ ಸ್ಪಷ್ಟ ನಿಲುವನ್ನು ತಳೆದದ್ದು 2022ರಷ್ಟು ತಡವಾಗಿ ಎಂಬುದನ್ನು ನೆನೆದರೆ ಈ ದೂರುಗಳನ್ನು ಅತಿರೇಕವೆಂದು ತಳ್ಳಿಹಾಕುವ ಹಕ್ಕು ನಮಗಿಲ್ಲ. ಈ ವೃತ್ತಿಗೆ ಬರುವವರು ಆ ಮಾತುಗಳನ್ನು ಓದಿ, ಕೇಳಿ, ಆಮೇಲೂ ಬರಬೇಕೆನಿಸಿದರೆ ಬರಲಿ.

ಮನೆ, ಕೇಂದ್ರ, ಶಾಲೆ

ಮನೆಯಲ್ಲಿ ಕೆಲಸ ಮಾಡುವವರಿಗೆ ಮಗುವಿನ ನಿಜವಾದ ದಿನ ಕಾಣಿಸುತ್ತದೆ. ಸ್ನಾನಕ್ಕೆ ಹೆದರುವ ಮಗುವಿಗೆ ಸ್ನಾನದ ಕೋಣೆಯಲ್ಲೇ ಕಲಿಸಬಹುದು, ಹೆತ್ತವರಿಗೆ ತೋರಿಸಿಕೊಡಬಹುದು, ಹೀಗಾಗಿ ಕಲಿತದ್ದು ಉಳಿಯುತ್ತದೆ. ಆದರೆ ಅಲ್ಲಿ ನೀವು ಒಂಟಿ. ಸಂದೇಹ ಬಂದರೆ ಕೇಳಲು ಪಕ್ಕದ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಮನೆಯವರ ಪ್ರೀತಿಯೂ ಒಂದು ಪರೀಕ್ಷೆಯೇ. 2022ರಲ್ಲಿ ಜಾರಿಗೆ ಬಂದ ಬಿಎಸಿಬಿ ನೀತಿಸಂಹಿತೆ 10 ಅಮೆರಿಕನ್ ಡಾಲರಿಗಿಂತ ಹೆಚ್ಚಿನ ಬೆಲೆಯ ಉಡುಗೊರೆಯನ್ನು ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿದೆ. ಪುಟ್ಟ ನಿಯಮವೆನಿಸಿದರೂ, ಮೂರು ವರ್ಷ ಮನೆಮಗಳಂತೆ ಬಂದುಹೋದ ಮೇಲೆ ಬೇಡವೆನ್ನುವುದು ಎಷ್ಟು ಕಷ್ಟವೆಂದು ಆಗ ತಿಳಿಯುತ್ತದೆ. ಕೇಂದ್ರದಲ್ಲಿ ಹಿರಿಯರು ಕಣ್ಣಳತೆಯಲ್ಲೇ ಇರುತ್ತಾರೆ, ಬೇರೆಯವರ ಕೈಚಳಕವನ್ನು ನೋಡಿ ಕಲಿಯಬಹುದು, ಹೊಸಬರಿಗೆ ಅದೇ ಸೂಕ್ತ. ಅಲ್ಲಿ ಕಲಿತದ್ದನ್ನು ಮಗು ಮನೆಯಲ್ಲಿ ಮಾಡದಿರುವುದು ಅದರ ಹಳೆಯ ರೋಗ. ಶಾಲೆಯಲ್ಲಿ ಯೋಜನೆಯನ್ನು ನಡೆಸುವವರು ಶಿಕ್ಷಕರು, ನೀವು ಸಲಹೆಗಾರರು ಮಾತ್ರ. ಇಪ್ಪತ್ತೈದು ಮಕ್ಕಳ ನಡುವೆ ನಡೆಸಲಾಗದ ಯೋಜನೆ ಎಷ್ಟು ಶಾಸ್ತ್ರೀಯವಾಗಿದ್ದರೂ ಕಸದ ಬುಟ್ಟಿಗೆ ಹೋಗುತ್ತದೆ, ಹಾಗಾಗಿ ಶಾಲೆಯ ಕೆಲಸವನ್ನು ಎರಡನೆಯ ಉದ್ಯೋಗವಾಗಿ ಇಟ್ಟುಕೊಳ್ಳುವುದು ವಾಸಿ.

ಮೇಲ್ವಿಚಾರಕರನ್ನು ಆರಿಸುವುದು

ಬಿಸಿಬಿಎ ಆಗಲು 2022ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಕ್ಷೇತ್ರಕಾರ್ಯಕ್ಕೆ ಎರಡು ದಾರಿಗಳಿವೆ. ಸಾಮಾನ್ಯ ದಾರಿಯಲ್ಲಿ 2,000 ಗಂಟೆ ಕೆಲಸ, ಅದರಲ್ಲಿ ಶೇಕಡ 5 ಮೇಲ್ವಿಚಾರಣೆ. ಸಾಂದ್ರವಾದ ದಾರಿಯಲ್ಲಿ 1,500 ಗಂಟೆ, ಶೇಕಡ 10 ಮೇಲ್ವಿಚಾರಣೆ. ಎರಡನೆಯದನ್ನು ಜನ ‘ಬೇಗ ಮುಗಿಯುವ ದಾರಿ’ ಎಂದು ಆರಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಇನ್ನೂ ಮುಖ್ಯವಾದ ವ್ಯತ್ಯಾಸ ಕಾಣುತ್ತದೆ: ಮೊದಲನೆಯದರಲ್ಲಿ ಕನಿಷ್ಠ 100 ಗಂಟೆ ಹಿರಿಯರ ಸಂಪರ್ಕ, ಎರಡನೆಯದರಲ್ಲಿ 150. ಕೆಲಸ ಐನೂರು ಗಂಟೆ ಕಡಿಮೆ, ಕಲಿಸುವವರ ಜೊತೆಗಿನ ಹೊತ್ತು ಒಂದೂವರೆ ಪಟ್ಟು. ಸಿಗುವುದಾದರೆ ಎರಡನೆಯದನ್ನೇ ಹಿಡಿಯಬೇಕು. ತಿಂಗಳಿಗೆ 20 ಗಂಟೆಗಿಂತ ಕಡಿಮೆಯಾದರೆ ಎಣಿಕೆಗೆ ಬರುವುದಿಲ್ಲ, ಹೆಚ್ಚಿಗೂ ಒಂದು ಮಿತಿಯಿದೆ, ಎಲ್ಲವೂ ಐದು ವರ್ಷದೊಳಗೆ ಮುಗಿಯಬೇಕು. ಎಂದರೆ ಸಾಮಾನ್ಯ ದಾರಿಯವರಿಗೆ ಎಷ್ಟೇ ವೇಗವಾಗಿ ಹೋದರೂ ಒಂದು ವರ್ಷಕ್ಕಿಂತ ಹೆಚ್ಚು ಬೇಕು, ತಿಂಗಳಿಗೆ ಸರಾಸರಿ 34 ಗಂಟೆಗಿಂತ ಕಡಿಮೆಯಾದರೆ ಅವಧಿಯೇ ಮೀರಿಹೋಗುತ್ತದೆ.

ಇವುಗಳಿಗಿಂತ ಹೆಚ್ಚು ಜನ ಎಡವುವ ನಿಯಮ ಇನ್ನೊಂದಿದೆ. ಒಟ್ಟು ಗಂಟೆಗಳಲ್ಲಿ ಕನಿಷ್ಠ ಶೇಕಡ 60, ಅಂದರೆ 2,000ದಲ್ಲಿ 1,200 ಗಂಟೆ, ಮಗುವಿನ ಜೊತೆ ನೇರವಾಗಿ ಪಾಠ ನಡೆಸುವುದನ್ನು ಬಿಟ್ಟು ವಿಶ್ಲೇಷಕರು ಮಾಡುವಂಥ ಕೆಲಸಗಳಲ್ಲಿ, ಎಂದರೆ ಮೌಲ್ಯಮಾಪನ, ಯೋಜನೆ ಬರೆಯುವುದು, ದತ್ತಾಂಶವನ್ನು ವಿಶ್ಲೇಷಿಸುವುದು, ಹೆತ್ತವರಿಗೆ ತರಬೇತಿ ಕೊಡುವುದು ಮುಂತಾದವುಗಳಲ್ಲಿ ಕಳೆಯಬೇಕು. ನೇರ ಪಾಠದಿಂದ ಹಣ ಬರುತ್ತದೆ, ಯೋಜನೆ ಬರೆಯುವುದರಿಂದ ಅಷ್ಟಾಗಿ ಬರುವುದಿಲ್ಲ. ಆದ್ದರಿಂದ ಹಲವು ಸಂಸ್ಥೆಗಳು ತರಬೇತಿಯಲ್ಲಿರುವವರನ್ನು ದಿನವಿಡೀ ಮಕ್ಕಳ ಜೊತೆಯೇ ಕೂರಿಸುತ್ತವೆ. ನಾನು ತರಬೇತಿ ಪಡೆದ ಮೊದಲ ಜಾಗದಲ್ಲಿ ಇದೇ ಆಯಿತು. ಒಂದು ವರ್ಷದ ಕೊನೆಗೆ ಗಂಟೆಗಳ ಪುಸ್ತಕವನ್ನು ಕೂಡಿಸಿದಾಗ ನೇರ ಪಾಠದ ಕಾಲಂ ತುಂಬಿ ಚೆಲ್ಲಿತ್ತು, ಇನ್ನೊಂದು ಕಾಲಂ ಮೂರನೇ ಒಂದರಷ್ಟೂ ಆಗಿರಲಿಲ್ಲ. ಚೆಲ್ಲಿದ ಗಂಟೆಗಳು ಲೆಕ್ಕಕ್ಕೆ ಬರಲಿಲ್ಲ, ಬೇರೆ ಜಾಗ ಹುಡುಕಿ ಮುಗಿಸಬೇಕಾಯಿತು. ಎರಡು ಜಾಗಗಳನ್ನು ಹೋಲಿಸುವಾಗ, ಕಳೆದ ವರ್ಷ ಅಲ್ಲಿ ತರಬೇತಿ ಮುಗಿಸಿದವರ ಗಂಟೆಗಳು ಈ ಎರಡು ಕಾಲಂಗಳಲ್ಲಿ ಹೇಗೆ ಹಂಚಿದ್ದವು ಎಂದು ಕೇಳಿ. ಮೇಲ್ವಿಚಾರಣೆ ಕೋಣೆಯ ಒಳಗೆ ನಡೆಯುತ್ತದೆಯೋ, ವಾರದ ಕೊನೆಯಲ್ಲಿ ಪರದೆಯ ಮೇಲಿನ ಮಾತುಕತೆಯಷ್ಟೇ ಆಗಿರುತ್ತದೆಯೋ ಎಂದು ಕೇಳಿ. ಒಬ್ಬ ಮೇಲ್ವಿಚಾರಕರ ಕೈಕೆಳಗೆ ಎಷ್ಟು ಜನರಿದ್ದಾರೆ, ಅವರು ಕೊನೆಯ ಸಲ ತಾವೇ ಮಗುವಿನ ಜೊತೆ ಕೂತದ್ದು ಯಾವಾಗ ಎಂದೂ ಕೇಳಿ. ಕೊನೆಯ ಪ್ರಶ್ನೆಗೆ ಕೆಲವರು ಸಿಡುಕುತ್ತಾರೆ, ಆ ಸಿಡುಕೂ ಒಂದು ಉತ್ತರ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಮನೆಯವರ ಒಪ್ಪಿಗೆ ಪಡೆದು ಒಂದು ಪಾಠವನ್ನು ಮೂಲೆಯಲ್ಲಿ ಕೂತು ನೋಡಲು ಅವಕಾಶ ಕೇಳಬೇಕು. ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನೂ ಆಟಿಕೆಗಳ ಕಪಾಟನ್ನೂ ಬಿಟ್ಟು ಒಂದೇ ಸಂಗತಿಯನ್ನು ಗಮನಿಸಿ: ಮಗು ಬೇಡವೆಂದಾಗ, ಅದು ಮಾತಿನಿಂದಿರಲಿ, ಕಾರ್ಡಿನಿಂದಿರಲಿ, ಮುಖ ತಿರುಗಿಸುವುದರಿಂದಿರಲಿ, ಮೇಜಿನ ಆಚೆ ಇರುವ ದೊಡ್ಡವರ ಕೈ ಹಲಗೆಯನ್ನು ಸರಿಸುತ್ತದೆಯೋ, ಮಗುವಿನ ಮಣಿಕಟ್ಟನ್ನು ಹಿಡಿಯುತ್ತದೆಯೋ.